ಅಜ್ಜಮಾಡ ದೇವಯ್ಯ: ಲೆಕ್ಕಕ್ಕೆ ಸಿಗದ ಒಬ್ಬರು

ನಮ್ಮ ಡಿಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ಪ್ರತಿ ವರ್ಷದ ಫೈನಲ್ ಇಯರ್ ಬ್ಯಾಚಿನ ಗ್ರೂಪ್ ಫೋಟೊ ತೂಗು ಹಾಕಿದ್ದಾರೆ. ಮೂರು ಸಾಲು, ಮುಂದೆ ಕುರ್ಚಿಯಲ್ಲಿ ಲೆಕ್ಚರರ್‌ಗಳು, ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಹೆಸರುಗಳು. ಲ್ಯಾಬಿನ ಬಾಗಿಲು ತೆರೆಯುವ ತನಕ ಅಲ್ಲಿ ನಿಂತು ನಾವು ಒಂದು ಆಟ ಆಡ್ತೇವೆ. ಯಾವುದಾದರೂ ಹಳೆಯ ಫೋಟೊ ಆರಿಸಿ, ಅದರಲ್ಲಿರುವವರು ಈಗ ಎಲ್ಲಿದ್ದಾರೆ ಅಂತ ಹುಡುಕುವುದು. ಒಬ್ಬರು ಬೆಂಗಳೂರು, ಒಬ್ಬರು ದುಬೈ, ಒಬ್ಬರು ಬಿ.ಸಿ. ರೋಡಿನಲ್ಲೇ ಅಂಗಡಿ. ಎಷ್ಟು ಹುಡುಕಿದರೂ ಪ್ರತಿ ಫೋಟೊದಲ್ಲಿ ಒಬ್ಬರೋ ಇಬ್ಬರೋ ಲೆಕ್ಕಕ್ಕೆ ಸಿಗದೆ ಉಳಿಯುತ್ತಾರೆ. ನಗುತ್ತಾ ನಿಂತಿರುತ್ತಾರೆ, ಹೆಸರೂ ಉಂಟು, ಆದರೆ ಮುಂದೆ ಏನಾದರು ಅಂತ ಮಾತ್ರ ಗೊತ್ತಾಗುವುದಿಲ್ಲ.

ಈ ಆಟ ಆಡ್ತಾ ಇದ್ದ ದಿನಗಳಲ್ಲೇ ಹಾಸ್ಟೆಲಿನಲ್ಲಿ ಒಂದು ರಾತ್ರಿ ಲ್ಯಾಪ್‌ಟಾಪಿನ ಸುತ್ತ ಏಳು ಜನ ಕೂತು ಸ್ಕೈ ಫೋರ್ಸ್ ಅನ್ನುವ ಹಿಂದಿ ಸಿನಿಮಾ ನೋಡಿದೆವು. 2025ರ ಜನವರಿಯಲ್ಲಿ ಬಂದದ್ದು. ಅದರಲ್ಲಿ ಯುದ್ಧಕ್ಕೆ ಹೋಗಿ ಕಾಣೆಯಾಗುವ ಪೈಲಟ್‌ನ ಹೆಸರು ಬೇರೆ ಏನೋ ಇಟ್ಟಿದ್ದಾರೆ. ನಿಜವಾದ ಹೆಸರು ಅಜ್ಜಮಾಡ ಬೋಪಯ್ಯ ದೇವಯ್ಯ, ನಮ್ಮ ಪಕ್ಕದ ಕೊಡಗಿನವರು. ಸಿನಿಮಾ ಮುಗಿದ ಮೇಲೆ ಮಲಗದೆ ಓದಿದೆವು. ಓದಿದಷ್ಟೂ ಸಿನಿಮಾಗಿಂತ ಅಸಲು ಕಥೆಯೇ ದೊಡ್ಡದು ಅನ್ನಿಸಿತು. ಕಾರಣ, ಇದು ಒಬ್ಬ ವೀರನ ಕಥೆ ಮಾತ್ರ ಅಲ್ಲ. ಆತ ವೀರ ಅನ್ನುವುದೇ ನಮ್ಮ ದೇಶಕ್ಕೆ 14 ವರ್ಷ ಗೊತ್ತಿರಲಿಲ್ಲ. ಗೊತ್ತಾದದ್ದು ಎದುರಾಳಿಯ ಕಡೆಯಿಂದ.

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ. ಅಜ್ಜಮಾಡ ಅನ್ನುವುದು ಮನೆತನದ ಹೆಸರು. ಕೊಡವರಲ್ಲಿ ಹೆಸರಿನ ಮುಂದೆ ಅದು ಬರ್ತದೆ, ನಮ್ಮ ತುಳುನಾಡಿನಲ್ಲಿ ಬರಿಯ, ಗುತ್ತು ಅಂತ ಹೇಳಿಕೊಳ್ಳುವ ಹಾಗೆ. ಸೈನ್ಯಕ್ಕೆ ಸೇರುವುದು ಕೊಡಗಿನಲ್ಲಿ ಹೊಸ ವಿಷಯ ಅಲ್ಲ. ಭೂಸೇನೆಯ ಮೊದಲ ಭಾರತೀಯ ಮುಖ್ಯಸ್ಥ ಕಾರ್ಯಪ್ಪ ಅಲ್ಲಿನವರು, ತಿಮ್ಮಯ್ಯನವರೂ ಅಲ್ಲಿನವರು. ದೇವಯ್ಯ ಆರಿಸಿಕೊಂಡದ್ದು ವಾಯುಸೇನೆ. 1954ರ ಡಿಸೆಂಬರಿನಲ್ಲಿ ಪೈಲಟ್ ಆಗಿ ಸೇರಿದರು, ಆಗ ಅವರಿಗೆ 22 ತುಂಬಲು ಕೆಲವೇ ದಿನ ಬಾಕಿ. ನಮ್ಮ ಫೈನಲ್ ಇಯರಿನವರ ಪ್ರಾಯ. ಹಾರಾಟ ಚೆನ್ನಾಗಿ ಬರುವವರನ್ನೇ ಹಾರಾಟ ಕಲಿಸಲು ಹಾಕುತ್ತಾರೆ. ಹಾಗೆ ದೇವಯ್ಯ ಏರ್ ಫೋರ್ಸ್ ಫ್ಲೈಯಿಂಗ್ ಕಾಲೇಜಿನಲ್ಲಿ ಇನ್‌ಸ್ಟ್ರಕ್ಟರ್ ಆದರು. ಮದುವೆಯಾಯಿತು, ಮಕ್ಕಳಾದರು. 1965ರಲ್ಲಿ ಯುದ್ಧ ಶುರುವಾದಾಗ ಅವರಿದ್ದದ್ದು ಪಾಠ ಮಾಡುವ ಕೆಲಸದಲ್ಲಿ. ಅಲ್ಲಿಂದ ಪಂಜಾಬಿನ ಆದಂಪುರಕ್ಕೆ, 1ನೇ ಸ್ಕ್ವಾಡ್ರನ್ನಿಗೆ ಪೋಸ್ಟಿಂಗ್ ಆಯಿತು.

ಈ 1ನೇ ಸ್ಕ್ವಾಡ್ರನ್ ಬಗ್ಗೆ ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಭಾರತದ ವಾಯುಸೇನೆ 1932ರಲ್ಲಿ ಶುರುವಾದಾಗ ಇಂಗ್ಲೆಂಡಿನ ಕ್ರಾನ್‌ವೆಲ್‌ನಲ್ಲಿ ಕಲಿತು ಬಂದ ಭಾರತೀಯ ಪೈಲಟ್‌ಗಳು ಬರೀ ಐದು ಜನ. ಒಂದು ಗ್ರೂಪ್ ಫೋಟೊಗೆ ಒಂದು ಬೆಂಚು ಸಾಕು. 1933ರ ಏಪ್ರಿಲ್ 1ಕ್ಕೆ ಕರಾಚಿಯಲ್ಲಿ 1ನೇ ಸ್ಕ್ವಾಡ್ರನ್ ಹುಟ್ಟಿತು. ಆ ಐವರ ಮುಂದಿನ ಕಥೆಯನ್ನು ನಮ್ಮ ಕಾರಿಡಾರಿನ ಆಟದ ಹಾಗೆ ಹುಡುಕಿದೆವು. ಭೂಪೇಂದ್ರ ಸಿಂಗ್, ಅಮರ್‌ಜಿತ್ ಸಿಂಗ್ ಇಬ್ಬರೂ ಅದೇ ವರ್ಷ ವಿಮಾನ ಅಪಘಾತದಲ್ಲಿ ಹೋದರು. ಸುಬ್ರೊತೊ ಮುಖರ್ಜಿ ವಾಯುಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು, ಯುದ್ಧಗಳನ್ನೆಲ್ಲ ದಾಟಿ ಬಂದವರು 1960ರಲ್ಲಿ ಟೋಕಿಯೊದ ಹೋಟೆಲಿನಲ್ಲಿ ಊಟ ಮಾಡುವಾಗ ಗಂಟಲಿಗೆ ತುತ್ತು ಸಿಕ್ಕಿ ತೀರಿಕೊಂಡರು. ಅವಾನ್ ಅನ್ನುವವರು 1947ರಲ್ಲಿ ಪಾಕಿಸ್ತಾನಕ್ಕೆ ಹೋದರು.

ಅವಾನ್ ಒಬ್ಬರೇ ಅಲ್ಲ. ದೇಶ ಎರಡಾದಾಗ ವಾಯುಸೇನೆಯೂ ಎರಡಾಯಿತು. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಇದೇ 1ನೇ ಸ್ಕ್ವಾಡ್ರನ್ನನ್ನು ನಡೆಸಿದ ಅರ್ಜನ್ ಸಿಂಗ್ 1965ರಲ್ಲಿ ಭಾರತದ ವಾಯುಸೇನೆಯ ಮುಖ್ಯಸ್ಥರು. ಅದೇ ಬರ್ಮಾ ಯುದ್ಧದಲ್ಲಿ ಇನ್ನೊಂದು ಭಾರತೀಯ ಸ್ಕ್ವಾಡ್ರನ್ ನಡೆಸಿದ ಅಸ್ಗರ್ ಖಾನ್ 1965ರ ಜುಲೈ ತನಕ ಪಾಕಿಸ್ತಾನ ವಾಯುಸೇನೆಯ ಮುಖ್ಯಸ್ಥರು. ಇನ್ನೂ ತಮಾಷೆ ಅಂದರೆ ಅರ್ಜನ್ ಸಿಂಗ್ ಹುಟ್ಟಿದ್ದು ಲಯಾಲ್‌ಪುರದಲ್ಲಿ, ಅಸ್ಗರ್ ಖಾನ್ ಹುಟ್ಟಿದ್ದು ಜಮ್ಮುವಿನಲ್ಲಿ. ಇವರ ಊರು ಅವರ ಪಾಲಿಗೆ, ಅವರ ಊರು ಇವರ ಪಾಲಿಗೆ. ಹಳೆಯ ಮೆಸ್ಸಿನಲ್ಲಿ ಒಟ್ಟಿಗೆ ಉಂಡವರು ಈಗ ಒಬ್ಬರ ಮೇಲೊಬ್ಬರು ವಿಮಾನ ಕಳಿಸಬೇಕಾಗಿತ್ತು.

1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಬಂದವು. ಪಠಾಣ್‌ಕೋಟ್‌ನಲ್ಲಿ ನೆಲದ ಮೇಲೆ ನಿಂತಿದ್ದ ವಿಮಾನಗಳು ಸುಟ್ಟುಹೋದವು. ಆ ರಾತ್ರಿ ಪಠಾಣ್‌ಕೋಟ್, ಹಲ್ವಾರಾ, ಆದಂಪುರ ಮೂರೂ ಕಡೆ ಪ್ಯಾರಾಟ್ರೂಪರ್‌ಗಳೂ ಇಳಿದರು. ಅಂಥ ರಾತ್ರಿ ಕಳೆದು ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲೇ ಆದಂಪುರದವರು ಸರ್ಗೋಧಾಕ್ಕೆ ಹೊರಡಬೇಕು ಅಂತ ಆದೇಶ. ಸರ್ಗೋಧಾ ಪಾಕಿಸ್ತಾನದ ಅತಿ ದೊಡ್ಡ, ಅತಿ ಗಟ್ಟಿ ಕಾವಲಿನ ವಾಯುನೆಲೆ. ನಾಯಕತ್ವ ವಿಂಗ್ ಕಮಾಂಡರ್ ಒ.ಪಿ. ತನೇಜಾ ಅವರದ್ದು. 12 ವಿಮಾನ ಹೋಗುವುದು, ಜೊತೆಗೆ ಸ್ಟ್ಯಾಂಡ್‌ಬೈ. ಯಾರದ್ದಾದರೂ ವಿಮಾನ ಕೈಕೊಟ್ಟರೆ ಮಾತ್ರ ಸ್ಟ್ಯಾಂಡ್‌ಬೈ ಪೈಲಟ್ ಹೊರಡಬೇಕು, ಇಲ್ಲದಿದ್ದರೆ ಅಲ್ಲೇ ಕೂರಬೇಕು. ಕ್ರಿಕೆಟ್ಟಿನಲ್ಲಿ ನೀರಿನ ಬಾಟಲಿ ಹಿಡಿದು ಕೂರುವ 12ನೇ ಆಟಗಾರ ಇರ್ತಾನಲ್ಲ, ಹಾಗೆ. ದೇವಯ್ಯ ಆ ದಿನ ಸ್ಟ್ಯಾಂಡ್‌ಬೈ.

ಒಂದು ವಿಮಾನ ಕೈಕೊಟ್ಟಿತು. ದೇವಯ್ಯ ಹೊರಟರು.

ಇಲ್ಲಿ ನಮಗೆ ಸ್ವಲ್ಪ ಎಂಜಿನಿಯರಿಂಗ್ ಮಾತಾಡಲು ಅವಕಾಶ ಕೊಡಿ, ಎರಡನೇ ವರ್ಷದಲ್ಲಿ ಕಲಿತದ್ದಕ್ಕೆ ಇಷ್ಟಾದರೂ ಉಪಯೋಗ ಬೇಕಲ್ಲ. ಅವರು ಹಾರಿಸಿದ್ದು ಫ್ರಾನ್ಸಿನ ಡಸಾಲ್ಟ್ ಕಂಪನಿಯ ಮಿಸ್ಟೇರ್ 4ಎ. 1957ರಿಂದ ನಮ್ಮಲ್ಲಿದ್ದದ್ದು. ಒಂದೇ ಎಂಜಿನ್, ಆಫ್ಟರ್‌ಬರ್ನರ್ ಇಲ್ಲ, 30 ಮಿ.ಮೀ.ನ ಎರಡು ಕ್ಯಾನನ್, ವೇಗ ಹೆಚ್ಚೆಂದರೆ ಗಂಟೆಗೆ 1,100 ಕಿ.ಮೀ. ಚಿಲ್ಲರೆ. ಆದಂಪುರದಿಂದ ಸರ್ಗೋಧಾ ನೇರ ಗೆರೆಯಲ್ಲಿ ಸುಮಾರು 300 ಕಿ.ಮೀ. ಮಂಗಳೂರಿನಿಂದ ಬೆಂಗಳೂರಿನ ರಸ್ತೆಗಿಂತ ಸ್ವಲ್ಪ ಕಡಿಮೆ. ರಾತ್ರಿ ಬಸ್ಸು ಹತ್ತಿ ನಾವು ನಿದ್ದೆ ಮಾಡಿ ಮುಗಿಸುವ ದೂರವನ್ನು ಅವರು ಅರ್ಧ ಗಂಟೆಯೊಳಗೆ ದಾಟಬೇಕು. ಅದೂ ಎದುರಿನ ರಡಾರಿಗೆ ಕಾಣಬಾರದು ಅಂತ ನೆಲಕ್ಕೆ ಹತ್ತಿರವಾಗಿ, ಬೆಳ್ತಂಗಡಿಯ ಗಡಾಯಿಕಲ್ಲಿನ ತುದಿಗಿಂತ ಎಷ್ಟೋ ಕೆಳಗೆ. ಕೆಳಗೆ ಗಾಳಿ ದಪ್ಪ, ಡ್ರ್ಯಾಗ್ ಜಾಸ್ತಿ, ಜೆಟ್ ಎಂಜಿನ್ ಇಂಧನ ಕುಡಿಯುವುದೂ ಜಾಸ್ತಿ. ಹೋಗುವುದಕ್ಕೆ, ಗುರಿಯ ಮೇಲೆ ಕೆಲವು ನಿಮಿಷಕ್ಕೆ, ಬರುವುದಕ್ಕೆ ಅಂತ ಲೆಕ್ಕ ಹಾಕಿದರೆ ಟ್ಯಾಂಕಿನಲ್ಲಿ ಹೆಚ್ಚುವರಿ ಅನ್ನುವುದು ಹೆಚ್ಚೇನೂ ಉಳಿಯುವುದಿಲ್ಲ. ದಾರಿಯಲ್ಲಿ ಯಾರ ಜೊತೆಯಾದರೂ ಜಗಳಕ್ಕೆ ನಿಂತರೆ ಮನೆಗೆ ಬರುವ ಇಂಧನ ಅಲ್ಲೇ ಖರ್ಚು. ಆ ಬೆಳಿಗ್ಗೆ ಹೊರಟ ಪ್ರತಿಯೊಬ್ಬರಿಗೂ ಈ ಲೆಕ್ಕ ಗೊತ್ತಿತ್ತು. ಮಕ್ಕಳಿಗೆ ಹಾರಾಟ ಕಲಿಸಿದ ಮೇಷ್ಟ್ರಿಗೆ ಗೊತ್ತಿಲ್ಲದೆ ಇರ್ತದಾ?

ಕತ್ತಲಿನ್ನೂ ಪೂರ್ತಿ ಹೋಗಿರಲಿಲ್ಲ. ಮೊದಲು ಹೋದವರ ಹಿಂದೆ ಒಬ್ಬರೇ ದೇವಯ್ಯ. ದಾಳಿ ಮುಗಿಸಿ ಮಿಸ್ಟೇರ್‌ಗಳು ಪೂರ್ವಕ್ಕೆ ತಿರುಗುವ ಹೊತ್ತಿಗೆ ಪಾಕಿಸ್ತಾನದ ಒಂದು ಎಫ್-104 ಸ್ಟಾರ್‌ಫೈಟರ್ ಬೆನ್ನು ಹತ್ತಿತು. ಅದರಲ್ಲಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಸ್ಟಾರ್‌ಫೈಟರ್ ಅಂದರೆ ಆ ಕಾಲದ ಅಮೆರಿಕದ ಹೆಮ್ಮೆ, ಶಬ್ದದ ಎರಡರಷ್ಟು ವೇಗ, ಸೈಡ್‌ವಿಂಡರ್ ಕ್ಷಿಪಣಿ, ನಿಮಿಷಕ್ಕೆ ಸಾವಿರಾರು ಗುಂಡು ಉಗುಳುವ ಆರು ನಳಿಗೆಯ ಕ್ಯಾನನ್. ಮಿಸ್ಟೇರ್ ಓಡಿ ತಪ್ಪಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಅಮ್ಜದ್ ಬಿಟ್ಟ ಕ್ಷಿಪಣಿ ತಪ್ಪಿತು. ಆಮೇಲೆ ಕ್ಯಾನನ್ ಗುಂಡು ದೇವಯ್ಯನವರ ವಿಮಾನಕ್ಕೆ ತಾಗಿತು. ಇದು ಮುಗಿಯಿತು ಅಂದುಕೊಂಡು ಅಮ್ಜದ್ ಉಳಿದ ಮಿಸ್ಟೇರ್‌ಗಳ ಕಡೆ ಗಮನ ಹರಿಸಿದರು.

ಮುಗಿದಿರಲಿಲ್ಲ. ಪೆಟ್ಟು ತಿಂದ ವಿಮಾನ ಇನ್ನೂ ಗಾಳಿಯಲ್ಲಿತ್ತು. ದೇವಯ್ಯನವರಿಗೆ ಆಗ ಎರಡು ದಾರಿ ಇತ್ತು. ಒಂದು, ಪೂರ್ವಕ್ಕೆ ಮೂತಿ ಮಾಡಿ ಆದಷ್ಟು ದೂರ ಹೋಗುವುದು. ಇನ್ನೊಂದು, ತಿರುಗಿ ಸ್ಟಾರ್‌ಫೈಟರಿನ ಮೇಲೆ ಬೀಳುವುದು. ಅವರು ತಿರುಗಿದರು. ಎದುರಾಳಿಯ ಗಮನ ಮುಂದೆ ಹೋಗುತ್ತಿದ್ದ ಜೊತೆಗಾರರ ಮೇಲಿದ್ದಾಗ ಅದನ್ನು ತನ್ನ ಕಡೆ ಎಳೆದುಕೊಂಡರು.

ಮಿಸ್ಟೇರ್ ಎಫ್-104ನ್ನು ಹೇಗೆ ಹೊಡೆಯಲು ಸಾಧ್ಯ ಅಂತ ಆ ರಾತ್ರಿ ಹಾಸ್ಟೆಲಿನಲ್ಲಿ ನಮ್ಮೊಳಗೇ ದೊಡ್ಡ ವಾದ ನಡೆಯಿತು. ಉತ್ತರ ರೆಕ್ಕೆಯಲ್ಲಿದೆ. ಸ್ಟಾರ್‌ಫೈಟರಿನ ರೆಕ್ಕೆಯ ತುದಿಯಿಂದ ತುದಿಗೆ ಏಳು ಮೀಟರೂ ಇಲ್ಲ, ಮಿಸ್ಟೇರ್‌ದು 11 ಮೀಟರ್. ವಿಸ್ತೀರ್ಣ ಒಂದರದ್ದು 18 ಚದರ ಮೀಟರ್, ಇನ್ನೊಂದರದ್ದು 32. ಅದರ ಮೇಲೆ ಸ್ಟಾರ್‌ಫೈಟರ್ ತೂಕವೂ ಹೆಚ್ಚು. ಅಂದರೆ ರೆಕ್ಕೆಯ ಪ್ರತಿ ಚದರ ಮೀಟರ್ ಹೊರುವ ಭಾರ, ವಿಂಗ್ ಲೋಡಿಂಗ್ ಅಂತೇವಲ್ಲ, ಅದು ಸುಮಾರು ಎರಡು ಪಟ್ಟು. ನೇರ ಓಟಕ್ಕೆ ಅದು ಬಾಣ, ಆದರೆ ತಿರುಗಲು ದೊಡ್ಡ ಮೈದಾನ ಬೇಕು. ಒಂದೇ ಬ್ಯಾಂಕ್ ಕೋನದಲ್ಲಿ ವೇಗ ಎರಡು ಪಟ್ಟಾದರೆ ತಿರುಗುವ ವೃತ್ತದ ತ್ರಿಜ್ಯ ನಾಲ್ಕು ಪಟ್ಟಾಗ್ತದೆ. ತ್ರಿಜ್ಯ ಕಡಿಮೆ ಮಾಡಲು ವೇಗ ಇಳಿಸಿದರೋ, ಅಷ್ಟು ಸಣ್ಣ ರೆಕ್ಕೆ ಅಷ್ಟು ತೂಕವನ್ನು ಎತ್ತಿ ಹಿಡಿಯುವುದೇ ಕಷ್ಟ. ಮೂಡಬಿದಿರೆಯ ಸಂತೆಬೀದಿಯಲ್ಲಿ ವೋಲ್ವೊ ಬಸ್ಸೂ ಆಟೋರಿಕ್ಷಾವೂ ಯು-ಟರ್ನ್ ಹೊಡೆಯಲು ಸ್ಪರ್ಧೆ ಮಾಡಿದರೆ ಯಾರು ಗೆಲ್ಲುತ್ತಾರೆ ಅಂತ ಯೋಚಿಸಿ. ಹೈವೇಯಲ್ಲಿ ಬಿಡಿ, ಅದು ಬೇರೆ ಮಾತು. ತಿರುಗುವ ಜಗಳಕ್ಕೆ ಎಳೆದರೆ ಮಾತ್ರ ಹಳೆಯ ಮಿಸ್ಟೇರ್‌ಗೆ ಆಸೆ ಉಂಟು. ದೇವಯ್ಯ ಹಾಗೇ ಎಳೆದರು. ಈ ಕಾರಣಕ್ಕೇ ನಮಗೆ ಅವರು ಬರೀ ಧೈರ್ಯವಂತ ಅಂತ ಅನ್ನಿಸುವುದಿಲ್ಲ, ಎರಡೂ ವಿಮಾನದ ಗುಣ ಗೊತ್ತಿದ್ದ ಇನ್‌ಸ್ಟ್ರಕ್ಟರ್ ಅಂತಲೂ ಅನ್ನಿಸ್ತದೆ.

ಎರಡೂ ವಿಮಾನ ನೆಲಕ್ಕೆ ಬಿದ್ದವು. ಸ್ಟಾರ್‌ಫೈಟರ್ ಬಿದ್ದದ್ದು ಮಿಸ್ಟೇರ್‌ನ ಗುಂಡಿನಿಂದಲೋ, ಒಂದಕ್ಕೊಂದು ತಾಗಿಯೋ ಅನ್ನುವ ಬಗ್ಗೆ ಎರಡೂ ದೇಶದಲ್ಲಿ ಬೇರೆ ಬೇರೆ ಮಾತು ಉಂಟು. ಅಮ್ಜದ್ ಹುಸೇನ್ ಹೊರಗೆ ಜಿಗಿದು ಬದುಕಿದರು. ದೇವಯ್ಯ ಬದುಕಲಿಲ್ಲ.

ಇದೆಲ್ಲ ಈಗ ನಾವು ಕಥೆ ಹೇಳಿದ ಹಾಗೆ ಹೇಳಬಹುದು. ಆದರೆ 1965ರ ಸೆಪ್ಟೆಂಬರ್ 7ರ ಬೆಳಿಗ್ಗೆ ಆದಂಪುರದಲ್ಲಿ ಇದರ ಒಂದಕ್ಷರವೂ ಯಾರಿಗೂ ಗೊತ್ತಿರಲಿಲ್ಲ. ವಿಮಾನಗಳು ಒಂದೊಂದಾಗಿ ಇಳಿದವು. ಲೆಕ್ಕ ಮಾಡಿದರು. ಒಂದು ಕಡಿಮೆ. ಜೊತೆಗಿದ್ದವರು ಯಾರೂ ದೇವಯ್ಯನವರ ಕೊನೆ ನೋಡಿರಲಿಲ್ಲ. ಕಡತದಲ್ಲಿ ಕಾಣೆಯಾದವರು ಅಂತ ಬರೆದರು. ಸೆಪ್ಟೆಂಬರ್ 23ಕ್ಕೆ ಯುದ್ಧ ನಿಂತಿತು, ಮುಂದಿನ ವರ್ಷ ಕೈದಿಗಳ ವಿನಿಮಯವಾಯಿತು. ಬಂದವರಲ್ಲಿ ಅವರಿಲ್ಲ.

ಅದೇ ಯುದ್ಧದಲ್ಲಿ ಕೊಡಗಿನ ಇನ್ನೊಬ್ಬ ಪೈಲಟ್ ಕೂಡ ಪಾಕಿಸ್ತಾನದಲ್ಲಿ ಬಿದ್ದರು. ಜನರಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ, ಹಂಟರ್ ವಿಮಾನ, ಕದನವಿರಾಮಕ್ಕೆ ಒಂದು ದಿನ ಮೊದಲು. ಅವರು ಸೆರೆ ಸಿಕ್ಕಿದ ಸುದ್ದಿ ಬೇಗನೇ ಬಂತು. ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಮಗನನ್ನು ಬಿಟ್ಟುಬಿಡುವ ಮಾತು ಅವರಿಂದ ಬಂದಾಗ, ಸೆರೆಯಲ್ಲಿರುವ ಎಲ್ಲರೂ ತನ್ನ ಮಕ್ಕಳೇ, ಒಬ್ಬನಿಗೆ ಬೇರೆ ಮರ್ಯಾದೆ ಬೇಡ ಅಂತ ಕಾರ್ಯಪ್ಪ ತಳ್ಳಿಹಾಕಿದರು. ಈ ಕಥೆ ನಮಗೆಲ್ಲ ಹೈಸ್ಕೂಲಿನಲ್ಲೇ ಗೊತ್ತಿತ್ತು, ಭಾಷಣ ಸ್ಪರ್ಧೆಗೆ ಬಾಯಿಪಾಠ ಮಾಡಿದ್ದೆವು. ಅದೇ ಜಿಲ್ಲೆಯ, ಅದೇ ತಿಂಗಳ ದೇವಯ್ಯನವರ ಹೆಸರು ಮಾತ್ರ ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಒಂದು ಮನೆಗೆ ಮಗ ಬದುಕಿದ್ದಾನೆ ಅಂತ ಖಚಿತ ಸುದ್ದಿ. ಇನ್ನೊಂದು ಮನೆಗೆ ಏನೂ ಇಲ್ಲ. ಸತ್ತದ್ದಾದರೆ ಹೇಗೆ, ಎಲ್ಲಿ, ಏನು ಮಾಡುತ್ತಾ ಅನ್ನುವುದೂ ಇಲ್ಲ.

ಗಡಿಯ ಆ ಕಡೆ ಇದಕ್ಕೆ ಸರಿಯಾಗಿ ತಿರುಗುಮುರುಗು ಪರಿಸ್ಥಿತಿ. ಅಲ್ಲಿ ಘಟನೆ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ತನ್ನ ಸ್ಟಾರ್‌ಫೈಟರನ್ನು ಕಳೆದುಕೊಂಡ ಅಮ್ಜದ್ ಹುಸೇನ್ ಬದುಕಿದ್ದರು, ಆಗಿದ್ದನ್ನು ಹೇಳಿದ್ದರು. ಪೆಟ್ಟು ತಿಂದ ಮೇಲೂ ಓಡದೆ ತಿರುಗಿ ಬಂದ ಒಬ್ಬ ಮಿಸ್ಟೇರ್ ಪೈಲಟ್, ಅಷ್ಟೆ. ಜಾನ್ ಫ್ರಿಕರ್ ಅನ್ನುವ ಇಂಗ್ಲಿಷ್ ಲೇಖಕ ಪಾಕಿಸ್ತಾನ ವಾಯುಸೇನೆಯ ದಾಖಲೆ ನೋಡಿ, ಅಲ್ಲಿನವರ ಜೊತೆ ಮಾತಾಡಿ 1965ರ ವಾಯುಯುದ್ಧದ ಬಗ್ಗೆ ಬ್ಯಾಟಲ್ ಫಾರ್ ಪಾಕಿಸ್ತಾನ್ ಅಂತ ಪುಸ್ತಕ ಬರೆದರು. 1979ರಲ್ಲಿ ಬಂತು. ಅದು ಪಾಕಿಸ್ತಾನದ ಕಡೆಯ ಕಥೆ ಹೇಳುವ ಪುಸ್ತಕ, ನಮ್ಮವರನ್ನು ಹೊಗಳಲು ಬರೆದದ್ದಲ್ಲ. ಆದರೂ ಈ ಕಾದಾಟ ಅದರಲ್ಲಿ ಇದ್ದ ಹಾಗೆ ಬಂತು.

ಪುಸ್ತಕ ಭಾರತಕ್ಕೆ ಬಂತು, ವಾಯುಸೇನೆಯ ಚರಿತ್ರೆ ಕೆದಕುತ್ತಿದ್ದವರ ಕಣ್ಣಿಗೆ ಬಿತ್ತು, ವಿಷಯ ತನೇಜಾ ಅವರ ತನಕ ಹೋಯಿತು. ಅವರು ಆಗ ನಿವೃತ್ತರು. ಅವರ ಮುಂದಿದ್ದ ಲೆಕ್ಕ ನಮ್ಮ ಕಾರಿಡಾರಿನ ಆಟದ್ದೇ. ಆ ಬೆಳಿಗ್ಗೆ ಹೋದವರ ಹೆಸರು ಒಂದೊಂದಾಗಿ ತೆಗೆದುಕೊಳ್ಳಿ. ಇವರು ವಾಪಸ್ ಬಂದಿದ್ದಾರೆ, ಹೊಡೆದುಹಾಕಿ. ಇವರೂ ಬಂದಿದ್ದಾರೆ, ಹೊಡೆದುಹಾಕಿ. ಆ ದಾಳಿಯಲ್ಲಿ ವಾಪಸ್ ಬಾರದ ಮಿಸ್ಟೇರ್ ಒಂದೇ. ಹಾಗಾದರೆ ಪುಸ್ತಕದಲ್ಲಿರುವ ಹೆಸರಿಲ್ಲದ ಪೈಲಟ್ ಬೇರೆ ಯಾರೂ ಆಗಲು ಸಾಧ್ಯವಿಲ್ಲ. ಒಂದು ದೇಶದ ಕಡತದಲ್ಲಿ ಹೆಸರಿತ್ತು, ಇನ್ನೊಂದು ದೇಶದ ನೆನಪಿನಲ್ಲಿ ಕೆಲಸ ಇತ್ತು. ಎರಡನ್ನೂ ಪಕ್ಕಪಕ್ಕ ಇಡಲು ಇಷ್ಟು ವರ್ಷ ಬೇಕಾಯಿತು.

ಇಟ್ಟ ಮೇಲೂ ಬೇಗ ಆಗಲಿಲ್ಲ. ತನೇಜಾ ಶಿಫಾರಸು ಮಾಡಿದರು, ವಾಯುಸೇನೆಯ ಮುಖ್ಯ ಕಚೇರಿ ಪರಿಶೀಲಿಸಿತು. ಪುಸ್ತಕ ಬಂದ ಒಂಬತ್ತು ವರ್ಷದ ನಂತರ, 1988ರಲ್ಲಿ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಯುದ್ಧದ ಶೌರ್ಯಕ್ಕೆ ಕೊಡುವ ಪದಕಗಳಲ್ಲಿ ಪರಮವೀರ ಚಕ್ರದ ನಂತರದ್ದು ಅದು. ಪದಕವನ್ನು ಅವರ ಪತ್ನಿ ಸ್ವೀಕರಿಸಿದರು. 23 ವರ್ಷ ಆಗಿತ್ತು. ನಾವ್ಯಾರೂ ಆಗ ಹುಟ್ಟಿರಲಿಲ್ಲ, ನಮ್ಮ ಅಪ್ಪ ಅಮ್ಮಂದಿರೇ ಶಾಲೆಗೆ ಹೋಗುತ್ತಿದ್ದರು. ಬಹುಶಃ ಅದಕ್ಕೇ ನಮ್ಮ ಪಾಠಗಳಿಗೆ ಈ ಹೆಸರು ತಡವಾಗಿ ಕೂಡ ಬರಲಿಲ್ಲ.

ಅಮ್ಜದ್ ಹುಸೇನ್ ಏನಾದರು ಅಂತ ಕೇಳಬಹುದು, ನಾವೂ ಕೇಳಿಕೊಂಡೆವು. 1971ರ ಯುದ್ಧದಲ್ಲಿ ಮತ್ತೆ ಸ್ಟಾರ್‌ಫೈಟರ್ ಹಾರಿಸಿಕೊಂಡು ಅಮೃತಸರದ ಮೇಲೆ ಬಂದರು, ನಮ್ಮ ನೆಲದ ಫಿರಂಗಿಗಳು ಹೊಡೆದವು, ಮತ್ತೆ ಜಿಗಿದು ಬದುಕಿದರು, ಈ ಸಲ ಭಾರತದ ಸೆರೆಯಲ್ಲಿ. ಆಗ ಅವರನ್ನು ಯಾರಾದರೂ ಕೂರಿಸಿ 1965ರ ಆ ಬೆಳಿಗ್ಗೆಯ ಬಗ್ಗೆ ಕೇಳಿದ್ದರೆ ಎಷ್ಟು ವರ್ಷ ಉಳಿಯುತ್ತಿತ್ತು ಅಂತ ನಮ್ಮಲ್ಲೊಬ್ಬ ಹೇಳಿದ. ಉತ್ತರ ತಿಳಿದವರು ನಮ್ಮ ದೇಶದೊಳಗೇ ಇದ್ದರು. ಆದರೆ ಅವರ ಹತ್ತಿರ ಅಂಥದ್ದೊಂದು ಉತ್ತರ ಉಂಟು ಅಂತ ಇಲ್ಲಿ ಯಾರಿಗೆ ಗೊತ್ತು?

ಇನ್ನೊಂದು ವಿಷಯವೂ ಆ ಕಡೆಯಿಂದಲೇ ತಿಳಿದುಬಂತು. ಮಿಸ್ಟೇರ್ ಬಿದ್ದ ಜಾಗದ ಹತ್ತಿರ ದೇವಯ್ಯನವರ ದೇಹ ಹಳ್ಳಿಯವರಿಗೆ ಸಿಕ್ಕಿತ್ತು. ಅವರೇ ಹೊಲದಲ್ಲಿ ಮಣ್ಣು ಮಾಡಿದರು.

ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಮಡಿಕೇರಿಗೆ ಹೋಗಿ ಬಂದೆವು. ಮೂಡಬಿದಿರೆಯಿಂದ ಇಬ್ಬರು ಸಿದ್ಧಕಟ್ಟೆ ದಾರಿಯಾಗಿ ಬಂಟ್ವಾಳಕ್ಕೆ, ಬೆಳ್ತಂಗಡಿಯವ ಪುಂಜಾಲಕಟ್ಟೆ ಮೇಲಿಂದ, ಬಂಟ್ವಾಳದವ ಮನೆಯಿಂದ ನಡೆದುಕೊಂಡೇ. ಬಿ.ಸಿ. ರೋಡಿನಲ್ಲಿ ಒಟ್ಟಾಗಿ ಕೆಎಸ್ಸಾರ್ಟಿಸಿ ಹತ್ತಿದರೆ ಮಾಣಿ, ಪುತ್ತೂರು, ಸುಳ್ಯ, ಸಂಪಾಜೆ, ಆಮೇಲೆ ಘಾಟಿ. ಮಡಿಕೇರಿಯ ಹಳೆಯ ಖಾಸಗಿ ಬಸ್ ನಿಲ್ದಾಣದ ಹತ್ತಿರದ ವೃತ್ತಕ್ಕೆ ದೇವಯ್ಯನವರ ಹೆಸರಿಟ್ಟಿದ್ದಾರೆ, ಪ್ರತಿಮೆಯೂ ಉಂಟು. ನಮ್ಮಲ್ಲಿ ಮೂವರು ಹಿಂದೆ ಟೂರಿಗೆ ಬಂದಾಗ ಇದೇ ಜಾಗದಲ್ಲಿ ನಿಂತು ಚಾಕಲೇಟು, ಕಾಫಿಪುಡಿ ಚೌಕಾಸಿ ಮಾಡಿದ್ದೆವು, ತಲೆ ಎತ್ತಿ ಹೆಸರು ಓದಿರಲಿಲ್ಲ. ಈ ಸಲ ಓದಿದೆವು. ಮಳೆ ಹನಿಯುತ್ತಿತ್ತು, ಹೆಚ್ಚು ಹೊತ್ತು ನಿಲ್ಲಲು ಆಗಲಿಲ್ಲ. ನಾಲ್ಕು ಜನರೂ ಬರುವ ಹಾಗೆ ಒಂದು ಫೋಟೊ ಬೇಕಿತ್ತು, ಒಬ್ಬ ಆಟೋ ಅಣ್ಣನಿಗೆ ಮೊಬೈಲ್ ಕೊಟ್ಟು ತೆಗೆಸಿಕೊಂಡೆವು.

ವಾಪಸ್ ಬರುವಾಗ ಘಾಟಿಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಮಾಡಲು ಬೇರೆ ಕೆಲಸ ಇಲ್ಲದೆ ಬೆರಳಲ್ಲಿ ಲೆಕ್ಕ ಹಾಕಿದೆವು. 1932ರ ಡಿಸೆಂಬರ್ 24ರಿಂದ 1965ರ ಸೆಪ್ಟೆಂಬರ್ 7ಕ್ಕೆ 32 ವರ್ಷ, 8 ತಿಂಗಳು, 14 ದಿನ. ಸುಳ್ಯ ಬಂದ ಮೇಲೆ ಮೊಬೈಲಿನಲ್ಲಿ ಹಾಕಿ ನೋಡಿದೆವು. ಸರಿಯಾಗಿತ್ತು.